ಗೆದ್ದವನ ಬನಿಯನ್ ಮೇಲೆ 17 ಗೀರು

ಆ ಗುರುವಾರ ಸಂಜೆ ಗೆದ್ದಿದ್ದು ನಾನೇ. ಎದುರಿಗಿದ್ದ ಹುಡುಗ ನೆಲದ ಮೇಲಿನ ಹಿಡಿತ, ಪಟ್ಟುಗಳ ಕಾದಾಟವಾದ ಜಿಯು-ಜಿಟ್ಸು ಕಲಿಯಲು ಸೇರಿ ಮೂರೇ ವಾರವಾಗಿತ್ತು, ನನಗೆ ನಾಲ್ಕು ವರ್ಷದ ಅಭ್ಯಾಸ. ಅವನನ್ನು ಕೆಡವಿದೆ, ಮೇಲೇರಿದೆ, ಅವನು ಹೊರಳಿದ ಕೂಡಲೇ ಹಿಂದಿನಿಂದ ಕುತ್ತಿಗೆಗೆ ತೋಳು ಸುತ್ತಿ ಬಿಗಿದೆ. ಒಂದು ನಿಮಿಷವೂ ಆಗಿರಲಿಲ್ಲ, ಅವನು ನನ್ನ ತೋಳು ತಟ್ಟಿ ಸೋಲೊಪ್ಪಿಕೊಂಡ. ನಗುತ್ತಾ ಎದ್ದು ಕೈ ಕೊಟ್ಟೆ. ಕೋಚ್ ಮಾತ್ರ ನಗಲಿಲ್ಲ. "ಬನಿಯನ್ ನೋಡ್ಕೊಳ್ಳಿ ಸರ್" ಅಂದರು.

ಹುಡುಗನ ಬಲಗೈಲಿ ವೈಟ್‌ಬೋರ್ಡ್‌ಗೆ ಬರೆಯುವ ಕೆಂಪು ಮಾರ್ಕರ್ ಇತ್ತು. ಅದನ್ನು ಚಾಕು ಅಂದುಕೊಂಡು ಆಡಬೇಕು ಎಂಬುದೇ ಅವತ್ತಿನ ಪಾಠ. ಎಣಿಸಿದೆವು. ಎಡತೊಡೆಯ ಒಳಭಾಗದಲ್ಲಿ 5, ಪಕ್ಕೆಯ ಮೇಲೆ 7, ಕತ್ತಿನ ಬಳಿ 2, ಮುಂಗೈ ಮೇಲೆ 3. ಒಟ್ಟು 17. ಅದರಲ್ಲಿ ನನಗೆ ತಾಗಿದ್ದು ಗೊತ್ತಾಗಿದ್ದು ನಾಲ್ಕೋ ಐದೋ ಇರಬೇಕು. ಮಿಕ್ಕಿದ್ದೆಲ್ಲ, ನಾನು ಗೆಲ್ಲುತ್ತಿದ್ದೇನೆ ಎಂಬ ಖುಷಿಯಲ್ಲಿದ್ದಾಗ ಬಿದ್ದಿದ್ದು.

ಹಿಂದಿನಿಂದ ಕತ್ತು ಬಿಗಿಯುವ ಪಟ್ಟು ಜಿಯು-ಜಿಟ್ಸುವಿನಲ್ಲಿ ಬ್ರಹ್ಮಾಸ್ತ್ರ. ಸರಿಯಾಗಿ ಬಿದ್ದರೆ ಮೆದುಳಿಗೆ ರಕ್ತ ಹೋಗುವುದು ತಪ್ಪಿ ಮನುಷ್ಯ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಎಚ್ಚರ ತಪ್ಪುತ್ತಾನೆ. ಮ್ಯಾಟ್ ಮೇಲೆ ಹತ್ತು ಸೆಕೆಂಡ್ ಏನೂ ಅಲ್ಲ. ಅವತ್ತು ರಾತ್ರಿ ಮನೆಯಲ್ಲಿ ಅಡುಗೆಮನೆಯ ಮರದ ಸೌಟು ತಂದು, ಮೊಬೈಲಿನಲ್ಲಿ ಹತ್ತು ಸೆಕೆಂಡ್ ಇಟ್ಟು, ದಿಂಬಿಗೆ ತಿವಿಯುತ್ತಾ ಎಣಿಸಿದೆ. 31. ಹೆಂಡತಿ ಬಾಗಿಲಲ್ಲಿ ನಿಂತು "ಆ ದಿಂಬು ನಿಮಗೇನು ಮಾಡಿತ್ತು?" ಅಂದಳು. ಪಟ್ಟು ಕೆಲಸ ಮಾಡುವ ಹೊತ್ತಿಗೆ 31 ತಿವಿತ. ನನ್ನ ನಾಲ್ಕು ವರ್ಷದ ಲೆಕ್ಕವೇ ತಪ್ಪಾಗಿತ್ತು.

ಚಾಕುವಿನಿಂದ ಕಾಪಾಡಿಕೊಳ್ಳುವ ವಿಡಿಯೋಗಳಿಗೆ ಬರಗಾಲವಿಲ್ಲ. ಬಹುಪಾಲು ಎಲ್ಲದರಲ್ಲೂ ಇಬ್ಬರು ಎದುರುಬದುರು ನಿಂತಿರುತ್ತಾರೆ, ಒಬ್ಬ ಕೈ ಚಾಚಿ ತಿವಿಯುತ್ತಾನೆ, ಚಾಚಿದ ಕೈಯನ್ನು ಅಲ್ಲೇ ಬಿಟ್ಟು ಸುಮ್ಮನಿರುತ್ತಾನೆ, ಇನ್ನೊಬ್ಬ ಆರಾಮಾಗಿ ಆ ಕೈ ತಿರುಚಿ ಚಾಕು ಕಸಿಯುತ್ತಾನೆ. ನಿಂತಲ್ಲೇ ಇದು ನಡೆಯದ ಮಾತು, ಇನ್ನು ನೆಲದ ಮೇಲಂತೂ ಇದರ ನೆರಳೂ ಸಿಗುವುದಿಲ್ಲ. ನಿಜವಾದ ಇರಿತ ಹೊಲಿಗೆ ಮಷಿನ್ನಿನ ಸೂಜಿಯ ಹಾಗೆ. ಒಳಗೆ ಹೋದಷ್ಟೇ ಬೇಗ ಹೊರಗೆ ಬರುತ್ತದೆ, ಮತ್ತೆ ಹೋಗುತ್ತದೆ. ಚಾಚಿದ ಕೈ ಎಂಬುದೇ ಅಲ್ಲಿಲ್ಲ.

ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯುಲರ್ 1983ರಲ್ಲಿ ಒಂದು ಲೆಕ್ಕ ಬರೆದರು. ಚಾಕು ಹಿಡಿದವನು 21 ಅಡಿ ದೂರವನ್ನು ಒಂದೂವರೆ ಸೆಕೆಂಡಿನಲ್ಲಿ ಓಡಿ ಮುಟ್ಟಬಲ್ಲ, ಸೊಂಟದ ಪಿಸ್ತೂಲು ಎಳೆದು ಗುರಿಯಿಡಲು ಪೊಲೀಸನಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಅದು ಬಂದೂಕು ಉಳ್ಳವರ ಕಷ್ಟ, ನಮ್ಮದಲ್ಲ. ಆದರೆ ಅದರೊಳಗಿನ ತಿರುಳು ನಮಗೂ ಬೇಕು: ಚಾಕುವಿನ ಎದುರು ದೂರ ಎಂದರೆ ಸಮಯ. ನೆಲಕ್ಕೆ ಬಿದ್ದ ಮೇಲೆ ದೂರ ಸೊನ್ನೆ. ಓಡುವ ಕಾಲಿಲ್ಲ, ಹಿಂದೆ ಸರಿಯಲು ಜಾಗವಿಲ್ಲ, ಚಾಕು ಎಲ್ಲಿದೆ ಎಂದು ನೋಡಲು ಕಣ್ಣಿಗೆ ಅಂತರವೂ ಇಲ್ಲ. ಮೂಗಿಗೆ ಮೂಗು ತಾಗುವಷ್ಟು ಹತ್ತಿರದಲ್ಲಿ ಎದುರಾಳಿಯ ಸೊಂಟದ ಬಳಿ ಅವನ ಕೈ ಏನು ಮಾಡುತ್ತಿದೆ ಎಂಬುದು ಕಾಣುವುದೇ ಇಲ್ಲ.

ಹಾಗಾದರೆ ನೆಲಕ್ಕೆ ಹೋಗುವುದೇಕೆ? ಯಾರೂ ಬೇಕೆಂದು ಹೋಗಬಾರದು, ಅದು ಸರಿ. ಆದರೆ ಜಗಳ ಶುರುವಾದಾಗ ನಾವು ಎಲ್ಲಿರುತ್ತೇವೆ ಎಂಬುದು ನಮ್ಮ ಕೈಲಿಲ್ಲ. ಮೆಟ್ಟಿಲ ಮೇಲೆ ನೂಕುತ್ತಾರೆ. ಮಳೆ ಬಿದ್ದ ಗ್ರಾನೈಟ್ ಮೇಲೆ ಚಪ್ಪಲಿ ಜಾರುತ್ತದೆ. ಬಸ್ಸಿನ ಎರಡು ಸೀಟಿನ ನಡುವೆ, ಮಂಚದ ಮೇಲೆ, ಕಾರಿನೊಳಗೆ ಸಿಕ್ಕಿಕೊಂಡರೆ ಅದೂ ನೆಲದ ಕಾದಾಟವೇ. ಇನ್ನೊಂದು ದಾರಿಯೂ ಇದೆ. ಬರಿಗೈ ಜಗಳ ಅಂದುಕೊಂಡು ನೀವೇ ಅವನನ್ನು ಕೆಡವಿ ಮೇಲೆ ಕೂತಿರುತ್ತೀರಿ, ಸೋಲುತ್ತಿರುವವನ ಕೈ ಜೇಬಿಗೆ ಹೋಗುತ್ತದೆ. ಚಾಕು ಶುರುವಿನಲ್ಲೇ ಕೈಲಿರಬೇಕು ಎಂದೇನಿಲ್ಲ.

ಕೈ ಖಾಲಿ ಇರುತ್ತದೆ ಎಂಬ ನಂಬಿಕೆ ಕ್ರೀಡೆ ಕಲಿಸಿದ್ದು. ಯುದ್ಧಭೂಮಿಯ ಕುಸ್ತಿಯಲ್ಲಿ ಅದಿರಲಿಲ್ಲ. ಯೂರೋಪಿನಲ್ಲಿ ಮೈತುಂಬ ಲೋಹದ ಕವಚ ತೊಟ್ಟವರ ನಡುವೆ ಕತ್ತಿ ಅಷ್ಟಾಗಿ ನಾಟುತ್ತಿರಲಿಲ್ಲ. ಹಾಗಾಗಿ ಎದುರಾಳಿಯನ್ನು ಕೆಡವಿ, ಕವಚದ ಸಂದಿಯಲ್ಲಿ ಬಾಕು ತೂರಿಸುವುದು ರೂಢಿ. 1400ರ ಆಸುಪಾಸಿನಲ್ಲಿದ್ದ ಇಟಲಿಯ ಕತ್ತಿವರಸೆಯ ಗುರು ಫಿಯೋರೆ ದೇ ಲಿಬೇರಿಯ ಚಿತ್ರಸಹಿತ ಹಸ್ತಪ್ರತಿಗಳಲ್ಲಿ ಕುಸ್ತಿಯ ಪಟ್ಟುಗಳಿವೆ, ಜೊತೆಗೇ ಬಾಕುವಿಗೆ ದೊಡ್ಡ ಭಾಗ ಮೀಸಲು. ಜಪಾನಿನ ಸಮುರಾಯಿಗಳು ಇದೇ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದ ಗಿಡ್ಡ, ದಪ್ಪ ಚೂರಿಯ ಹೆಸರು ಯೊರೊಯ್-ದೋಶಿ, ಎಂದರೆ ಕವಚ ತೂರುವಂಥದ್ದು. 1882ರಲ್ಲಿ ಜಿಗೊರೊ ಕಾನೊ ಜೂಡೋ ಕಟ್ಟಿದಾಗ ಚೂರಿಯನ್ನು ಪೂರ್ತಿ ಬಿಡಲಿಲ್ಲ. ಆದರೆ ಅದು ಸ್ಪರ್ಧೆಯಿಂದ ಹೊರಗುಳಿದು ಕಟಾಗಳಲ್ಲಿ, ಅಂದರೆ ಇಬ್ಬರಿಗೂ ಮೊದಲೇ ಗೊತ್ತಿರುವ ಜೋಡಿ ಅಭ್ಯಾಸಗಳಲ್ಲಿ ಉಳಿಯಿತು. 1956ರಲ್ಲಿ ಜೂಡೋದ ಕೇಂದ್ರ ಸಂಸ್ಥೆ ಕೊಡೊಕಾನ್ ಹೊರತಂದ ಆತ್ಮರಕ್ಷಣೆಯ ಕಟಾ ಗೋಶಿನ್-ಜುತ್ಸುವಿನ 21 ಪಟ್ಟುಗಳಲ್ಲಿ ಮೂರು ಚೂರಿಗೆ ಸಂಬಂಧಿಸಿದವು. ಮೂರೂ ನಿಂತು ಮಾಡುವಂಥವು.

ನಮ್ಮಲ್ಲಿ ಇದರ ಒಂದು ಎಳೆ ಇನ್ನೂ ಬದುಕಿದೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗ ನೋಡಿದವರಿಗೆ ಗೊತ್ತು. ತಲೆ ಬೋಳಿಸಿಕೊಂಡ ಜಟ್ಟಿಗಳು, ಬೆರಳಿಗೆ ತೊಟ್ಟ ಮೊನೆಯುಳ್ಳ ಆಯುಧ, ಯಾರದ್ದಾದರೂ ತಲೆಯಿಂದ ರಕ್ತ ಜಿನುಗಿದರೆ ಅಲ್ಲಿಗೆ ಮುಗಿಯಿತು. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ಫೆರ್ನಾವ್ ನೂನಿಜ್ ಕೂಡ 16ನೇ ಶತಮಾನದಲ್ಲಿ, ಕೈಯಲ್ಲಿ ಮೊನೆಯುಳ್ಳ ಬಳೆಯಂಥದ್ದನ್ನು ಹಿಡಿದು ಹೊಡೆದಾಡುವ ಮಲ್ಲರ ಬಗ್ಗೆ ಬರೆದಿದ್ದಾನೆ. ಅರಮನೆಯ ಕಾಳಗ ಕೆಲವೇ ಕ್ಷಣ ನಡೆಯುವಂಥದ್ದು, ಆಚರಣೆಯೇ ಹೆಚ್ಚು. ಆದರೂ ನೋಡುವವನಿಗೆ ಒಂದು ವಿಷಯ ಎದ್ದು ಕಾಣುತ್ತದೆ. ಎದುರಾಳಿಯ ಆಯುಧದ ಕೈ ಎಲ್ಲಿದೆ ಎಂಬುದನ್ನು ಬಿಟ್ಟು ಜಟ್ಟಿಗೆ ಲೋಕದಲ್ಲಿ ಬೇರೇನೂ ಇಲ್ಲ.

ಗರಡಿಯ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಆಟ ಮುಗಿಯಿತು. ಬ್ರೆಜಿಲ್ಲಿನ ಗ್ರೇಸಿ ಮನೆತನ ಜಿಯು-ಜಿಟ್ಸುವನ್ನು ಬೆಳೆಸಿದ್ದು ಇದಕ್ಕೆ ತದ್ವಿರುದ್ಧವಾಗಿ. ಬೆನ್ನ ಮೇಲೆ ಬಿದ್ದವನೂ ಕಾಲುಗಳ ನಡುವೆ ಎದುರಾಳಿಯನ್ನು ಸಿಕ್ಕಿಸಿಕೊಂಡು, ಅಂದರೆ ಗಾರ್ಡ್‌ನಲ್ಲಿ ಇಟ್ಟುಕೊಂಡು, ಕೆಳಗಿನಿಂದಲೇ ಗೆಲ್ಲಬಹುದು ಎಂದು ತೋರಿಸಿದರು. 1993ರ ನವೆಂಬರ್ 12ರಂದು ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿಯಲ್ಲಿ, ಅಂದರೆ ಬೇರೆ ಬೇರೆ ಕಾದಾಟದ ವಿದ್ಯೆಯವರು ಎದುರುಬದುರಾಗುವ ಪಂದ್ಯಾವಳಿಯಲ್ಲಿ, ಹೇಳಿಕೊಳ್ಳುವಂಥ ಮೈಕಟ್ಟಿಲ್ಲದ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಮಣಿಸಿದ ಮೇಲೆ ಜಗತ್ತೆಲ್ಲ ನೆಲದ ಕಾದಾಟಕ್ಕೆ ಮುಗಿಬಿತ್ತು. ನಾನೂ ಆ ಸಾಲಿನವನೇ. ಆದರೆ ಚಾಕು ಬಂದ ಕ್ಷಣ ನಮ್ಮ ಗರಡಿಯ ಹಳೆಯ ನಿಯಮವೇ ಸರಿ ಅನಿಸುತ್ತದೆ. ಮೇಲಿರುವವನು ತನ್ನ ಇಡೀ ಮೈಭಾರವನ್ನು ಅಲಗಿನ ಹಿಂದೆ ಹಾಕಬಲ್ಲ. ಅವನ ಸೊಂಟಕ್ಕೆ ನಾವೇ ಕತ್ತರಿ ಹಾಕಿ ಒಪ್ಪಿಸಿರುವ ನಮ್ಮ ತೊಡೆಗಳ ಒಳಭಾಗದಲ್ಲಿ ದೇಹದ ದೊಡ್ಡ ರಕ್ತನಾಳಗಳಲ್ಲೊಂದು ಹಾದುಹೋಗುತ್ತದೆ.

ಹಾಗಂತ ಕಲಿತಿದ್ದೆಲ್ಲ ನೀರುಪಾಲು ಎಂದೇನಲ್ಲ. ನೆಲದ ಮೇಲೆ ಉಸಿರು ಕಟ್ಟದಂತೆ ಇರುವುದು, ಸೊಂಟ ತಿರುಗಿಸುವುದು, ಭಾರ ಹಾಕುವುದು, ಎದ್ದು ನಿಲ್ಲುವುದು ಇವೆಲ್ಲ ಬೇಕೇ ಬೇಕು. ಇವು ಬಾರದವನಿಗೆ ಚಾಕುವಿನ ಪಾಠ ಹೇಳುವುದು ಈಜು ಬಾರದವನಿಗೆ ಮುಳುಗುವವರನ್ನು ಎತ್ತುವ ಪಾಠ ಹೇಳಿದಂತೆ. ಬದಲಾಗುವುದು ಯಾವುದು ಮೊದಲು, ಯಾವುದು ಆಮೇಲೆ ಎಂಬುದು. ಕ್ರೀಡೆಯಲ್ಲಿ ಮೊದಲು ಸ್ಥಾನ, ಆಮೇಲೆ ಪಟ್ಟು. ಇಲ್ಲಿ ಮೊದಲು ಆ ಕೈ, ಆಮೇಲೆ ಸ್ಥಾನ, ಆಮೇಲೆ ಎದ್ದು ಹೋಗುವುದು. ಪಟ್ಟು ಹಾಕಿ ಸೋಲಿಸುವುದು ಪಟ್ಟಿಯಲ್ಲಿ ಇಲ್ಲವೇ ಇಲ್ಲ ಅಂದರೂ ನಡೆಯುತ್ತದೆ.

ಆ ಕೈ ಹಿಡಿಯುವುದು ಹೇಗೆ ಎಂಬುದರಲ್ಲೇ ಅರ್ಧ ವಿದ್ಯೆ ಇದೆ. ಒಂದು ಕೈಯಿಂದ ಹಿಡಿದರೆ ಸಾಲದು. ಎಂಥ ಬಲಶಾಲಿಯ ಹಿಡಿತವನ್ನೂ ಎದುರಾಳಿ ತೋಳು, ಭುಜ, ಬೆನ್ನು ಮೂರನ್ನೂ ಸೇರಿಸಿ ಎಳೆದರೆ ಬಿಡಿಸಿಕೊಳ್ಳುತ್ತಾನೆ. ಎರಡು ಕೈಯೂ ಅವನ ಒಂದೇ ಕೈಗೆ ಹೋಗಬೇಕು. ಮುಂಗೈಯ ನಡುಭಾಗ ಹಿಡಿದರೆ ಮಣಿಕಟ್ಟು ಸ್ವತಂತ್ರವಾಗಿ ತಿರುಗಿ ಅಲಗು ನಿಮ್ಮ ಬೆರಳಿಗೇ ಬರುತ್ತದೆ. ಹಾವನ್ನು ನಡುವಿನಲ್ಲಿ ಹಿಡಿದವನ ಪಾಡು ಅದು. ಹೆಬ್ಬೆರಳಿನ ಬುಡಕ್ಕೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ, ಮಣಿಕಟ್ಟಿನ ಮೇಲೇ ಹಿಡಿತ ಬೀಳಬೇಕು. ಅಷ್ಟಕ್ಕೇ ನಿಂತರೂ ಆಗಲಿಲ್ಲ, ಹಿಡಿದದ್ದನ್ನು ಎಲ್ಲಿಗಾದರೂ ಒತ್ತಬೇಕು. ಗಾಳಿಯಲ್ಲಿ ಹಿಡಿದ ಕೈ ಓಡಾಡುತ್ತಲೇ ಇರುತ್ತದೆ. ನೆಲಕ್ಕೆ ಒತ್ತಿದ ಕೈ, ಅವನದೇ ಹೊಟ್ಟೆಗೆ ಒತ್ತಿದ ಕೈ, ಕಂಕುಳಲ್ಲಿ ಕೊಡೆ ಇರುಕಿಕೊಂಡ ಹಾಗೆ ಮೊಣಕೈಸಹಿತ ಇರುಕಿಕೊಂಡ ಕೈ ಓಡಾಡುವುದಿಲ್ಲ. ಬೆವರು, ಆಮೇಲೆ ರಕ್ತ, ಹಿಡಿತವನ್ನು ಜಾರಿಸುತ್ತವೆ. ಅವನು ತುಂಬುತೋಳಿನ ಅಂಗಿ ಹಾಕಿದ್ದರೆ ಬಟ್ಟೆಸಮೇತ ಹಿಡಿಯುವುದು ಲೇಸು.

ಇದಕ್ಕೆ ತೆರಬೇಕಾದ ಬೆಲೆ ಇದೆ. ನಿಮ್ಮ ಎರಡೂ ಕೈ ಅಲ್ಲಿ ಸಿಕ್ಕಿಬಿದ್ದಾಗ ಅವನ ಇನ್ನೊಂದು ಕೈ ಖಾಲಿ. ಮುಖಕ್ಕೆ ಗುದ್ದುತ್ತಾನೆ, ಕೂದಲು ಎಳೆಯುತ್ತಾನೆ. ತಲೆಯನ್ನು ಅವನ ಭುಜಕ್ಕೆ ಅಂಟಿಸಿಕೊಂಡರೆ ಗುದ್ದಿಗೆ ಜಾಗ ಕಡಿಮೆ ಸಿಗುತ್ತದೆ, ಪೂರ್ತಿ ತಪ್ಪುವುದಿಲ್ಲ. ಮೊದಮೊದಲು ನಾವೆಲ್ಲ ಮಾಡಿದ ತಪ್ಪು ಒಂದೇ. ಮುಖಕ್ಕೆ ಎರಡು ಬಿದ್ದ ಕೂಡಲೇ ಒಂದು ಕೈ ಬಿಟ್ಟು ಮುಖ ಮುಚ್ಚಿಕೊಳ್ಳುವುದು. ಬಿಟ್ಟ ಅರ್ಧ ಸೆಕೆಂಡಿನಲ್ಲಿ ಬನಿಯನ್ ಕೆಂಪಾಗುತ್ತಿತ್ತು. ಮೂಗು ಮುರಿದರೆ ಆಸ್ಪತ್ರೆಯಲ್ಲಿ ಸರಿಮಾಡುತ್ತಾರೆ ಎಂಬುದನ್ನು ಮೈಗೆ ಒಪ್ಪಿಸಲು ನನಗೆ ಎರಡು ತಿಂಗಳು ಹಿಡಿಯಿತು.

ಬೆನ್ನ ಮೇಲೆ ಬಿದ್ದಿದ್ದೀರಿ, ಅವನು ಕಾಲುಗಳ ನಡುವೆ ಇದ್ದಾನೆ ಎಂದಿಟ್ಟುಕೊಳ್ಳಿ. ಕತ್ತರಿ ಹಾಕಿ ಕಾಯುವ ಹೊತ್ತಲ್ಲ ಅದು. ಒಂದು ಮೊಣಕಾಲು ಅವನ ಎದೆಗೆ ಅಡ್ಡ, ಇನ್ನೊಂದು ಪಾದ ಅವನ ಸೊಂಟಕ್ಕೆ. ಅವನ ಮೈಭಾರ ನೇರ ನಿಮ್ಮ ಮೇಲೆ ಬೀಳದ ಹಾಗೆ ತಡೆಯುವುದು ಕಾಲಿನ ಕೆಲಸ, ಚಾಕುವಿನ ಕೈಯನ್ನು ನಿಮ್ಮ ನಡುಮೈಯಿಂದ ಪಕ್ಕಕ್ಕೆ ಎಳೆದು ನೆಲ ಕಾಣಿಸುವುದು ಎರಡೂ ಕೈಯ ಕೆಲಸ. ಅವನು ಎದ್ದು ನಿಂತರೆ ನಿಮ್ಮ ಶೂ ಅಟ್ಟೆಗಳು ಅವನತ್ತ ತಿರುಗಿರಬೇಕು. ಅವನು ಸುತ್ತಿದಂತೆ ನೀವೂ ಗಡಿಯಾರದ ಮುಳ್ಳಿನ ಹಾಗೆ ಸೊಂಟದ ಮೇಲೆ ತಿರುಗಬೇಕು, ಅವನ ಮೊಣಕಾಲಿಗೆ ಒದೆಯುತ್ತಾ ಎದ್ದು ನಿಲ್ಲಲು ಬೇಕಾದ ಒಂದು ಗಜ ಸಂಪಾದಿಸಬೇಕು. ರಬ್ಬರ್ ಅಟ್ಟೆ ಸೀಳಿದರೆ ನಷ್ಟವೇನಿಲ್ಲ.

ನೀವು ಮೇಲಿದ್ದರೆ ಅಪಾಯ ಬೇರೆ ಥರ, ಯಾಕೆಂದರೆ ಅದು ಸುಖದ ಜಾಗ. ಮೌಂಟ್‌ನಲ್ಲಿ, ಅಂದರೆ ಮಲಗಿದವನ ಮೈಮೇಲೆ ಆಚೀಚೆ ಕಾಲು ಹಾಕಿ ಕೂತವನ ಗಮನ ಎದುರಾಳಿಯ ಮುಖ, ಕತ್ತಿನ ಮೇಲಿರುತ್ತದೆ. ಕೆಳಗಿನವನ ಕೈ ಸೊಂಟದತ್ತ ಇಳಿದರೆ ಕ್ರೀಡೆಯ ಕಣ್ಣಿಗೆ ಅದು ತಪ್ಪಿಸಿಕೊಳ್ಳುವ ಯತ್ನ ಅಷ್ಟೆ. ಇಲ್ಲಿ ಅದು ಜೇಬು. ಕೈ ಸೊಂಟಕ್ಕೆ ಇಳಿದ ತಕ್ಷಣ ಉಳಿದ ಕೆಲಸವನ್ನೆಲ್ಲ ಬಿಟ್ಟು ಆ ಕೈಗೆ ಹೋಗುವ ಅಭ್ಯಾಸ ಮೈಗಂಟಬೇಕು. ಸಾಧ್ಯವಾದರೆ ಮೊಣಕಾಲನ್ನೇ ಅವನ ತೋಳಿನ ಮೇಲೆ ಇಡಬೇಕು. ಈ ಅಂಶವನ್ನು ಒತ್ತಿ ಹೇಳಿ ಕಲಿಸಿದವರಲ್ಲಿ ಅಮೆರಿಕದ ಮಾಜಿ ಪೊಲೀಸ್ ಅಧಿಕಾರಿ ಕ್ರೇಗ್ ಡಗ್ಲಸ್ ಮುಖ್ಯರು. ಹಿಡಿದಾಟದ ನಡುವೆ ಆಯುಧ ಹೊರತೆಗೆಯುವುದೇ ಒಂದು ಪ್ರತ್ಯೇಕ ಹೋರಾಟ, ಎದುರಾಳಿಯ ಕೈ ಕಟ್ಟದೆ ಆಯುಧಕ್ಕೆ ಕೈಹಾಕಿದವನು ಅದನ್ನು ಕಳೆದುಕೊಳ್ಳುತ್ತಾನೆ ಎಂಬುದು ಅವರ ಪಾಠದ ಜೀವಾಳ. ಅವರು ಹೇಳುವುದು ಆಯುಧ ತೆಗೆಯುವವನಿಗೆ. ತಡೆಯುವವನು ಅದನ್ನೇ ತಿರುಗಿಸಿ ಓದಿಕೊಳ್ಳಬಹುದು: ಚಾಕು ಜೇಬಿನಿಂದ ಹೊರಬಂದು, ಮಡಚಿದ ಅಲಗು ಬಿಚ್ಚುವ ಆ ಒಂದೆರಡು ಸೆಕೆಂಡ್‌ಗಿಂತ ಒಳ್ಳೆಯ ಅವಕಾಶ ಆಮೇಲೆ ಸಿಗುವುದಿಲ್ಲ.

ತೋಳಿನ ಪಟ್ಟುಗಳಲ್ಲಿ ನನಗೆ ನಂಬಿಕೆ ಉಳಿದಿರುವುದು ಕಿಮುರಾ ಹಿಡಿತದ ಮೇಲೆ. 1951ರಲ್ಲಿ ರಿಯೋದ ಮರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಮಸಾಹಿಕೊ ಕಿಮುರಾ, ಹೆಲಿಯೊ ಗ್ರೇಸಿಯ ತೋಳನ್ನು ಇದರಲ್ಲೇ ತಿರುಚಿ ಸೋಲಿಸಿದರು. ಸೋತ ಮನೆಯವರೇ ಪಟ್ಟಿಗೆ ಗೆದ್ದವನ ಹೆಸರಿಟ್ಟರು, ಅದು ಅವರ ದೊಡ್ಡತನ. ನಿಮ್ಮ ಒಂದು ಕೈ ಅವನ ಮಣಿಕಟ್ಟನ್ನು ಹಿಡಿಯುತ್ತದೆ, ಇನ್ನೊಂದು ಅವನ ತೋಳಿನ ಹಿಂದಿನಿಂದ ಸುತ್ತಿ ಬಂದು ನಿಮ್ಮದೇ ಮಣಿಕಟ್ಟನ್ನು ಹಿಡಿಯುತ್ತದೆ. ಎರಡು ಕೈ ಒಂದು ಕೈ ಮೇಲೆ ಎಂಬ ನಿಯಮವೇ ಇಲ್ಲಿ ಬೀಗ ಹಾಕಿಕೊಂಡಂತಾಗುತ್ತದೆ. ತೋಳನ್ನು ಕಾಲುಗಳ ನಡುವೆ ಚಾಚಿ ಮುರಿಯುವ ಆರ್ಮ್‌ಬಾರ್ ಅಷ್ಟು ನಂಬಿಕಸ್ಥ ಅಲ್ಲ. ಅದು ಬೀಳುವ ಮುನ್ನ ಅವನು ಚಾಕುವನ್ನು ಇನ್ನೊಂದು ಕೈಗೆ ದಾಟಿಸಿಬಿಟ್ಟರೆ, ನೀವು ಎರಡೂ ಕೈ ಎರಡೂ ಕಾಲು ಹಾಕಿ ಖಾಲಿ ಕೈಯೊಂದನ್ನು ಅಪ್ಪಿಕೊಂಡಿರುತ್ತೀರಿ. ನನಗೆ ಎರಡು ಸಲ ಹೀಗಾಗಿದೆ. ಎರಡನೇ ಸಲ ಇಡೀ ತರಗತಿ ನಕ್ಕಿತು.

ಚಾಕು ಕಸಿದುಕೊಳ್ಳುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಎಲ್ಲಕ್ಕಿಂತ ಕೊನೆಗೆ, ಕೈ ಅಲುಗಾಡದಂತೆ ಒತ್ತಿ ಹಿಡಿದ ಮೇಲೆ, ಸಿಕ್ಕರೆ ಆಗುವ ಕೆಲಸ. ಕೈಯನ್ನು ಗಟ್ಟಿ ನೆಲಕ್ಕೆ ಕುಟ್ಟಿದಾಗ ಬೆರಳು ಸಡಿಲವಾಗಿ ಬಿದ್ದುಹೋಗುವುದೇ ನಾನು ನೋಡಿರುವುದರಲ್ಲಿ ಹೆಚ್ಚು.

ಇನ್ನು ಅಭ್ಯಾಸ. ಅಮೆರಿಕದ ಮ್ಯಾಟ್ ಥಾರ್ನ್‌ಟನ್ ಕಟ್ಟಿದ ಸ್ಟ್ರೈಟ್ ಬ್ಲಾಸ್ಟ್ ಜಿಮ್‌ನವರು ಜೀವಂತಿಕೆ ಎಂಬ ಅರ್ಥದ ಪದವೊಂದನ್ನು ತಮ್ಮ ಕಲಿಕೆಯ ನಡುಗಂಬ ಮಾಡಿಕೊಂಡಿದ್ದಾರೆ. ಜೋಡಿಯವನು ಚಲಿಸುತ್ತಿರಬೇಕು, ಎದುರು ಬಲ ಹಾಕುತ್ತಿರಬೇಕು, ಯಾವಾಗ ಏನು ಮಾಡುತ್ತಾನೆ ಎಂಬುದು ಮೊದಲೇ ಗೊತ್ತಿರಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಅದು ನೃತ್ಯಾಭ್ಯಾಸ. ಕಲಿಸುವುದೂ ಹಂತಹಂತವಾಗಿ. ಮೊದಲು ಚಲನೆಯ ಪರಿಚಯ, ಆಮೇಲೆ ಒಂದೇ ತುಣುಕನ್ನು ಬೇರ್ಪಡಿಸಿ ಎದುರು ಬಲದ ಮುಂದೆ ತಿದ್ದಿಕೊಳ್ಳುವುದು, ಕೊನೆಗೆ ಪೂರ್ತಿ ಆಟದಲ್ಲಿ ಬೆರೆಸುವುದು. ಎರಡನೆಯ ಹಂತವನ್ನು ಹಾರಿ ನೇರ ಮೂರಕ್ಕೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನನ್ನ 17 ಗೀರು ಸಾಕ್ಷಿ.

ನಮ್ಮ ತರಗತಿಯಲ್ಲಿ ಈಗ ನಡೆಯುವುದು ಹೀಗೆ. ಒಬ್ಬ ಬೆನ್ನ ಮೇಲೆ ಮಲಗಿ, ಇನ್ನೊಬ್ಬ ಮೇಲೆ ಕೂತು, ಚಾಕುವಿನ ಕೈಯನ್ನು ಎರಡು ಕೈಯಿಂದ ಹಿಡಿದ ಸ್ಥಿತಿಯಿಂದಲೇ ಶುರು. ಮೇಲಿನವನಿಗೆ ಒಂದೇ ಕೆಲಸ, ಕೈ ಬಿಡಿಸಿಕೊಂಡು ಗೀರುವುದು. ಕೆಳಗಿನವನಿಗೂ ಒಂದೇ ಕೆಲಸ, 30 ಸೆಕೆಂಡ್ ಬಿಡದಿರುವುದು. ಏಳುವುದು, ಗೆಲ್ಲುವುದು ಯಾವುದೂ ಇಲ್ಲ. ಕೇಳಲು ಬೇಸರದ ಆಟ, ಆಡಿದವನಿಗೆ ಮಾತ್ರ ಮುಂಗೈ ಉರಿ ಗೊತ್ತು. ಅದು ಕೈಗೆ ಬಂದ ಮೇಲೆ ಹಿಡಿತವಿಲ್ಲದೆ ಶುರು. ಅದಾದ ಮೇಲೆ ಖಾಲಿ ಕೈಯಿಂದ ಮೃದುವಾಗಿ ಗುದ್ದಲು ಅನುಮತಿ. ಅದಾದ ಮೇಲೆ ಇಡೀ ತರಗತಿಯೇ ಕಾಯುವ ಆಟ: ಮಾಮೂಲಿ ಸ್ಪಾರಿಂಗ್, ಎಂದರೆ ಅಭ್ಯಾಸದ ಕಾದಾಟ, ಆದರೆ ಆರು ಜನರಲ್ಲಿ ಯಾರೋ ಒಬ್ಬರ ಸೊಂಟದಲ್ಲಿ ಚಾಕು ಇದೆ, ಯಾರೆಂದು ಕೋಚ್‌ಗೆ ಮತ್ತು ಅವನಿಗೆ ಮಾತ್ರ ಗೊತ್ತು. ಆ ದಿನ ಎಲ್ಲರ ಆಟವೂ ಬೇರೆಯಾಗಿರುತ್ತದೆ. ಬೆನ್ನ ಮೇಲೆ ಮಲಗಿ ಕಾಲಾಡಿಸುತ್ತಾ ಕಾಯುವವರು ಯಾರೂ ಇರುವುದಿಲ್ಲ, ಎಲ್ಲರಿಗೂ ಎದ್ದು ನಿಲ್ಲುವ ಆತುರ.

ಪ್ರತಿ ಸುತ್ತು ಮುಗಿಯುವುದು ಬಾಗಿಲಲ್ಲಿ. ಎದ್ದು, ಬಿಡಿಸಿಕೊಂಡು, ಓಡಿ ಬಾಗಿಲ ಚೌಕಟ್ಟು ಮುಟ್ಟಿದರೆ ಗೆದ್ದಂತೆ. ಕತ್ತು ಬಿಗಿದು ಟ್ಯಾಪ್ ಮಾಡಿಸಿದರೆ, ಅಂದರೆ ತೋಳು ತಟ್ಟಿಸಿ ಸೋಲೊಪ್ಪಿಸಿದರೆ, ಅಂಕವಿಲ್ಲ.

ನೈಜತೆಯ ಹೆಸರಿನಲ್ಲಿ ಇನ್ನೊಂದು ಬದಿಗೆ ಬೀಳುವವರೂ ಇದ್ದಾರೆ, ಇದನ್ನು ಹೇಳದಿದ್ದರೆ ಆಗುವುದಿಲ್ಲ. ರಬ್ಬರ್ ಚಾಕು ಹಿಡಿದ ಕೂಡಲೇ ಕೆಲವರಿಗೆ ದೆವ್ವ ಬರುತ್ತದೆ. ಮುಖಕ್ಕೆ ಮೊಣಕಾಲು ಬಂದರೂ ಲೆಕ್ಕಿಸದೆ, ಕೈ ಮುರಿಯುವ ಸ್ಥಿತಿಯಲ್ಲಿದ್ದರೂ ಬಿಡದೆ, ಗೀರಿ ಗೀರಿ ಇಡುತ್ತಾರೆ. ಅದು ನೈಜವಲ್ಲ, ಮುಟ್ಟಾಟ. ನಿಜವಾದ ಇರಿಯುವವನಿಗೂ ನೋವಾಗುತ್ತದೆ, ಹೆದರಿಕೆ ಇರುತ್ತದೆ, ಉಸಿರು ಕಟ್ಟುತ್ತದೆ, ಅವನಿಗೂ ಓಡಿಹೋಗಬೇಕಿರುತ್ತದೆ. ಕೆಲವು ಕಡೆ ಅಂಚಿನಲ್ಲಿ ವಿದ್ಯುತ್ ಹರಿಸಿ ಚುರುಕು ಮುಟ್ಟಿಸುವ ಶಾಕ್‌ನೈಫ್ ಬಳಸುತ್ತಾರೆ. ಹೆದರಿಕೆ ನಿಜವಾಗಿಯೇ ಬರುತ್ತದೆ, ಆದರೆ ಹೃದಯದ ತೊಂದರೆ ಇರುವವರ ಹತ್ತಿರ ಅದು ಸುಳಿಯಬಾರದು, ಹೊಸಬರ ಮೇಲೆ ಮೊದಲ ದಿನವೇ ಬಿಟ್ಟರೆ ಹೆದರಿಕೆಯನ್ನು ಬಿಟ್ಟು ಬೇರೇನೂ ಕಲಿಯುವುದಿಲ್ಲ. ನಿಜವಾದ ಚಾಕುವನ್ನು, ಮೊಂಡಾಗಿದ್ದರೂ, ಅಭ್ಯಾಸಕ್ಕೆ ತರುವ ಕೋಚ್ ಸಿಕ್ಕರೆ ಅವತ್ತೇ ಚಪ್ಪಲಿ ಹಾಕಿಕೊಂಡು ಹೊರಡಿ. ಅಲ್ಯೂಮಿನಿಯಂ ಚಾಕುವಿನ ತುದಿಯೂ ಪಕ್ಕೆಲುಬಿಗೆ, ಕಣ್ಣಿಗೆ ಒಳ್ಳೆಯದಲ್ಲ. ದುಂಡು ತುದಿಯ ಮೆತ್ತನೆ ರಬ್ಬರ್ ಅಥವಾ ದಪ್ಪ ಮಾರ್ಕರ್, ಕಣ್ಣಿಗೆ ಮುಚ್ಚಿದ ಕನ್ನಡಕ, ಬಾಯಿಗೆ ಮೌತ್‌ಗಾರ್ಡ್, ಗಂಡಸರಿಗೆ ತೊಡೆಸಂದು ಕಾಯುವ ಕಪ್. ಒಬ್ಬರು "ನಿಲ್ಸು" ಅಂದರೆ ಇಬ್ಬರೂ ನಿಲ್ಲಿಸಬೇಕು. ಕಿಮುರಾ ಹಾಕಿದವನು ಅಲ್ಲಿಗೇ ಬಿಡಬೇಕು. ಭುಜ ಒಮ್ಮೆ ಹೋದರೆ ಆರು ತಿಂಗಳು ಸ್ಕೂಟರ್ ಕೂಡ ಓಡಿಸಲಾಗುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಬನಿಯನ್ ಬಿಳಿಯಾಗಿ ಉಳಿಯುವುದಿಲ್ಲ. ನನ್ನ ಇತ್ತೀಚಿನ ಸುತ್ತುಗಳಲ್ಲಿ ಗೀರು ಮೂರರಿಂದ ಆರರ ನಡುವೆ, ಹೆಚ್ಚಿನವು ಮುಂಗೈ ಮೇಲೆ. ಕತ್ತು, ತೊಡೆಗಳಿಂದ ಮುಂಗೈಗೆ ಬಂದಿದ್ದೇ ಒಂದು ವರ್ಷದ ಗಳಿಕೆ. ಪರ್ಸ್ ಕೇಳಿದರೆ ಕೊಟ್ಟುಬಿಡುವುದು, ಬಾಗಿಲು ಕಂಡರೆ ಓಡುವುದು ಇದಕ್ಕಿಂತ ನೂರು ಪಾಲು ಮೇಲು ಎಂಬುದು ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹೇಳುವವರು ಹಳೆಯ ವಿದ್ಯಾರ್ಥಿಗಳೇ.

ಕಾನೂನು ಏನು ಹೇಳುತ್ತದೆ ಎಂದು ಹೊಸಬರು ಕೇಳುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗಿನ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕಿನವು. ಹಳೆಯ ಐಪಿಸಿಯಲ್ಲಿ ಇವೇ 96ರಿಂದ 106. ಜೀವಕ್ಕೋ ಗಂಭೀರ ಗಾಯಕ್ಕೋ ಅಪಾಯವಿದೆ ಎಂದು ನಂಬಲು ತಕ್ಕ ಕಾರಣವಿದ್ದಾಗ ಈ ಹಕ್ಕು ಬಹಳ ದೂರ ಹೋಗುತ್ತದೆ. ಆದರೆ ಕಾಪಾಡಿಕೊಳ್ಳಲು ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡಬಾರದು ಎಂಬ ಮಿತಿಯೂ ಅದರಲ್ಲೇ ಇದೆ. ಚಾಕು ಕೆಳಗೆ ಬಿದ್ದು ಅವನು ಸುಮ್ಮನಾದ ಮೇಲೆ ಅದೇ ಚಾಕು ಎತ್ತಿಕೊಂಡವನ ಕಥೆ ಬೇರೆಯಾಗುತ್ತದೆ. ಬಾಗಿಲು ಮುಟ್ಟುವ ಆಟಕ್ಕೆ ಇದೂ ಒಂದು ಕಾರಣ.

ಬಾಗಿಲು ಮುಟ್ಟಿದ ಮೇಲೆ ನಮ್ಮಲ್ಲಿ ಇನ್ನೊಂದು ಪಾಠವಿದೆ. ಚಾಕು ತಾಗಿದವರಲ್ಲಿ ಅನೇಕರಿಗೆ ಅದು ಗುದ್ದಿನ ಹಾಗೆ ಅನಿಸುತ್ತದೆಯೇ ಹೊರತು ಇರಿತದ ಹಾಗಲ್ಲ, ಒದ್ದೆ ಬಟ್ಟೆ ನೋಡಿಯೇ ತಿಳಿಯುವುದು. ಹಾಗಾಗಿ ಓಡಿಬಂದವನು ಅಲ್ಲೇ ನಿಂತು ಎರಡೂ ಅಂಗೈಗಳನ್ನು ಕತ್ತು, ಕಂಕುಳು, ಬೆನ್ನು, ತೊಡೆಸಂದುಗಳಲ್ಲಿ ಸವರಿ, ತೆಗೆದು ನೋಡಬೇಕು. ಕೈಕಾಲಿನ ಗಾಯವಾದರೆ ಬಟ್ಟೆ ತುರುಕಿ ಗಟ್ಟಿಯಾಗಿ ಒತ್ತುವುದು, ರಕ್ತ ಚಿಮ್ಮುತ್ತಿದ್ದರೆ ಗಾಯದ ಮೇಲ್ಭಾಗದಲ್ಲಿ ಟೂರ್ನಿಕೆ, ಅಂದರೆ ರಕ್ತ ತಡೆಯುವ ಪಟ್ಟಿ, ಬಿಗಿಯುವುದು, ಎದೆಗೋ ಹೊಟ್ಟೆಗೋ ಆಗಿದ್ದರೆ ಕಾಯದೆ 108ಕ್ಕೋ 112ಕ್ಕೋ ಕರೆ. ಅಲಗು ಮೈಯೊಳಗೇ ಉಳಿದಿದ್ದರೆ ಎಳೆಯುವಂತಿಲ್ಲ, ಎಳೆದರೆ ಅದು ತಡೆದಿದ್ದ ರಕ್ತವೂ ಹರಿದುಬಿಡುತ್ತದೆ.

ಸವರಿಕೊಂಡಾದ ಮೇಲೆ, ಬನಿಯನ್ ನೋಡುವ ಮೊದಲು, ಎಷ್ಟು ಗೀರು ಬಿದ್ದಿದೆ ಎಂದು ಗಟ್ಟಿಯಾಗಿ ಹೇಳಬೇಕು ಎಂಬುದು ಕೋಚ್ ಇಟ್ಟ ನಿಯಮ. ಹೋದ ಗುರುವಾರ ನಾನು "ಎರಡು" ಅಂದೆ. ಆ ಮೂರು ವಾರದ ಹುಡುಗ, ಈಗ ಅವನಿಗೂ ಒಂದು ವರ್ಷವಾಗಿದೆ, ನನ್ನನ್ನು ಹಿಂದೆ ತಿರುಗಿಸಿ ನಿಲ್ಲಿಸಿ ಬೆನ್ನ ಮೇಲೆ ಬೆರಳಿಟ್ಟು ಎಣಿಸತೊಡಗಿದ. ಐದಕ್ಕೆ ನಿಲ್ಲಿಸಿದ.